ಅತಿಥಿಗಳೇ ತುಂಬಿದ ಊರಿಗೊಂದು ಆತಿಥೇಯ ತಂಡ

1984ರ ಏಪ್ರಿಲ್ 5ರ ರಾತ್ರಿ ಕರೀಮ್ ಅಬ್ದುಲ್ ಜಬ್ಬಾರ್ ತಮ್ಮ ಹೆಸರಾಂತ ಸ್ಕೈ ಹುಕ್ ಎಸೆತದಿಂದ ವಿಲ್ಟ್ ಚೇಂಬರ್ಲೇನ್ ಅವರ 31,419 ಅಂಕಗಳ ದಾಖಲೆ ಮುರಿದರು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಚರಿತ್ರೆಯ ಆ ದೊಡ್ಡ ಗಳಿಗೆ ಕೂಡಿಬಂದದ್ದು ಅವರ ಲಾಸ್ ಏಂಜಲೀಸ್‌ನಲ್ಲಲ್ಲ, ಎದುರಾಳಿ ಯೂಟಾ ಜಾಝ್ ತಂಡದ ಸಾಲ್ಟ್ ಲೇಕ್ ಸಿಟಿಯಲ್ಲೂ ಅಲ್ಲ. ಲಾಸ್ ವೇಗಸ್‌ನ ಥಾಮಸ್ ಅಂಡ್ ಮ್ಯಾಕ್ ಸೆಂಟರ್‌ನಲ್ಲಿ. ಕೈಯಲ್ಲಿ ಕಾಸಿಲ್ಲದೆ ಒದ್ದಾಡುತ್ತಿದ್ದ ಜಾಝ್ ತಂಡ ಆ ವರ್ಷ ತನ್ನ 11 ‘ತವರು’ ಪಂದ್ಯಗಳನ್ನು ಆರುನೂರು ಕಿಲೋಮೀಟರಿಗೂ ಹೆಚ್ಚು ದೂರದ ಈ ಜೂಜಿನ ಊರಿಗೆ ಒಯ್ದಿತ್ತು. ಕಲ್ಯಾಣ ಮಂಟಪ ಬಾಡಿಗೆಗೆ ಹಿಡಿದು ಮದುವೆ ಮುಗಿಸಿ ಬೀಗ ಒಪ್ಪಿಸಿ ಹೋದ ಹಾಗೆ ಸೀಸನ್ ಮುಗಿದ ಮೇಲೆ ತಂಡ ಹೊರಟುಹೋಯಿತು. ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್, ಅಮೆರಿಕನ್ ಫುಟ್‌ಬಾಲ್, ಐಸ್ ಹಾಕಿ ಎಂಬ ನಾಲ್ಕು ದೊಡ್ಡ ಲೀಗ್‌ಗಳಲ್ಲಿ ಒಂದರ ಸ್ವಂತ ತಂಡ ಲಾಸ್ ವೇಗಸ್‌ನಲ್ಲಿ ಕಣಕ್ಕಿಳಿಯಲು ಅಲ್ಲಿಂದ ಮುಂದೆ 33 ವರ್ಷ ಬೇಕಾಯಿತು. ಅಷ್ಟರೊಳಗೆ ಊರು ಬಾಕ್ಸಿಂಗ್‌ನ ರಾಜಧಾನಿಯಾಯಿತು, ಅಲ್ಲಿನ ವಿಶ್ವವಿದ್ಯಾಲಯದ ತಂಡ 1990ರಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್ ಕಿರೀಟ ಗೆದ್ದಿತು. ದೊಡ್ಡ ಲೀಗ್‌ಗಳು ಮಾತ್ರ ಹೊಸ್ತಿಲು ದಾಟಲಿಲ್ಲ.

ಏಕೆ ಎಂದು ಕೇಳಿದಾಗಲೆಲ್ಲ ಲೀಗ್‌ಗಳ ಉತ್ತರ ಒಂದೇ: ಜೂಜು. ಈ ಭಯ ಸುಳ್ಳಲ್ಲ. ಮುಂದೇನಾಗುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲ ಎಂಬ ನಂಬಿಕೆಯೇ ಆಟದ ಬಂಡವಾಳ. ಅದು ಕರಗಿದರೆ ಮೈದಾನದಲ್ಲಿ ಉಳಿಯುವುದು ನಾಟಕ. 1919ರ ಬೇಸ್‌ಬಾಲ್ ವಿಶ್ವ ಸರಣಿಯಲ್ಲಿ ಶಿಕಾಗೊ ವೈಟ್ ಸಾಕ್ಸ್ ತಂಡದ ಎಂಟು ಮಂದಿಯ ಮೇಲೆ ಜೂಜುಕೋರರಿಂದ ಹಣ ಪಡೆದು ಸೋತ ಆರೋಪ ಬಂತು. 1921ರಲ್ಲಿ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿದರೂ ಬೇಸ್‌ಬಾಲ್‌ನ ಮೊದಲ ಕಮಿಷನರ್ ಕೆನೆಸಾ ಮೌಂಟನ್ ಲ್ಯಾಂಡಿಸ್ ಎಂಟೂ ಮಂದಿಯನ್ನು ಆಜೀವ ಹೊರಗಿಟ್ಟರು. 1963ರಲ್ಲಿ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್, ಬೆಟ್ ಕಟ್ಟಿದ್ದಕ್ಕಾಗಿ ಪಾಲ್ ಹಾರ್ನಂಗ್ ಮತ್ತು ಅಲೆಕ್ಸ್ ಕರಾಸ್ ಅವರನ್ನು ಅಮಾನತು ಮಾಡಿತು. 1989ರಲ್ಲಿ ಪೀಟ್ ರೋಸ್ ಬೇಸ್‌ಬಾಲ್‌ನಿಂದ ಹೊರಬಿದ್ದರು. 2007ರಲ್ಲಿ ಎನ್‌ಬಿಎ ರೆಫರಿ ಟಿಮ್ ಡೊನಾಘಿ ತಪ್ಪೊಪ್ಪಿಕೊಂಡು ಮುಂದೆ ಜೈಲಿಗೆ ಹೋದರು. ಈ ಪಟ್ಟಿ ಹಿಡಿದು ‘ಇಂಥ ರೋಗದ ತವರಿಗೆ ನಮ್ಮ ಹುಡುಗರನ್ನು ಕಳಿಸುವುದೆ?’ ಎಂದು ಲೀಗ್‌ಗಳು ಕೇಳಿದರೆ ತಲೆದೂಗದವರಾರು? ಆದರೆ ಅದೇ ಪಟ್ಟಿಯನ್ನು ಇನ್ನೊಮ್ಮೆ, ಈ ಸಲ ಭೂಪಟ ಎದುರಿಗಿಟ್ಟುಕೊಂಡು ಓದಬೇಕು. 1919ರ ಸರಣಿ ನಡೆದದ್ದು ಶಿಕಾಗೊ ಮತ್ತು ಸಿನ್ಸಿನಾಟಿಯಲ್ಲಿ. ಲಾಸ್ ವೇಗಸ್ ಇರುವ ನೆವಾಡಾ ರಾಜ್ಯ ಜೂಜನ್ನು ಮತ್ತೆ ಕಾನೂನುಬದ್ಧ ಮಾಡಿದ್ದು ಅದಕ್ಕೆ 12 ವರ್ಷಗಳ ಮೇಲೆ, 1931ರಲ್ಲಿ. ಹಾರ್ನಂಗ್ ಆಡಿದ್ದು ಗ್ರೀನ್ ಬೇ ತಂಡಕ್ಕೆ, ಕರಾಸ್ ಡೆಟ್ರಾಯಿಟ್‌ಗೆ, ರೋಸ್ ಸಿನ್ಸಿನಾಟಿಯ ಮನೆಮಗ, ಡೊನಾಘಿಯ ವ್ಯವಹಾರ ನಡೆದದ್ದು ಪೆನ್ಸಿಲ್ವೇನಿಯಾದ ಹಳೆಯ ಗೆಳೆಯರ ಮೂಲಕ. ಆಟ ಕೆಟ್ಟದ್ದು ತಂಡಗಳಿದ್ದ ಊರುಗಳಲ್ಲಿ; ತಂಡವೇ ಇಲ್ಲದ ಊರಿನ ಮೇಲೆ ಗೂಬೆ ಕೂತಿತು.

ಇದಕ್ಕಿಂತ ಸ್ವಾರಸ್ಯದ ಸಂಗತಿ ಇನ್ನೊಂದಿದೆ. ಪರವಾನಗಿ ಪಡೆದ ಬುಕ್ಕಿಗೆ ಫಿಕ್ಸಿಂಗ್ ಎಂದರೆ ನಷ್ಟ. ಪಂದ್ಯದ ಫಲಿತಾಂಶ ಮೊದಲೇ ಗೊತ್ತಿರುವವನು ಬಂದು ಬೆಟ್ ಕಟ್ಟಿದರೆ ಜೇಬು ಹರಿಯುವುದು ಬುಕ್ಕಿಯದೇ. ಆದ್ದರಿಂದ ಯಾವ ಪಂದ್ಯದ ಮೇಲೆ ಎಲ್ಲಿಂದ, ಎಷ್ಟು ಹಣ, ಯಾವ ಹೊತ್ತಿನಲ್ಲಿ ಬರುತ್ತಿದೆ ಎಂದು ಆತ ಲೀಗ್‌ಗಿಂತ ಹೆಚ್ಚು ಕಣ್ಣಿಟ್ಟು ಕಾಯುತ್ತಾನೆ. 1994ರಲ್ಲಿ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಆಟಗಾರರು ಅಂಕಗಳ ಅಂತರ ತಗ್ಗಿಸಿ ಆಡುತ್ತಿದ್ದ ಹಗರಣದ ಎಳೆ ಸಿಕ್ಕಿದ್ದೇ ಹೀಗೆ. ಯಾರಿಗೂ ಬೇಡದ ಒಂದು ಪಂದ್ಯದ ಮೇಲೆ ಲಾಸ್ ವೇಗಸ್‌ನ ಕೌಂಟರುಗಳಲ್ಲಿ ಏಕಾಏಕಿ ಹಣ ಸುರಿದಾಗ ಅಲ್ಲಿನವರೇ ಅನುಮಾನಪಟ್ಟು ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದರು. ನಮ್ಮಲ್ಲಿ ಇಂಥ ಕೌಂಟರೂ ಇಲ್ಲ, ಲೆಕ್ಕವೂ ಇಲ್ಲ. 2000ದಲ್ಲಿ ಹ್ಯಾನ್ಸಿ ಕ್ರೋನಿಯೆ ಪ್ರಕರಣ ಬಯಲಾದದ್ದು ದೆಹಲಿ ಪೊಲೀಸರು ಫೋನ್ ಸಂಭಾಷಣೆ ಕದ್ದು ಕೇಳಿದ್ದರಿಂದ. 2013ರ ಐಪಿಎಲ್ ಸ್ಪಾಟ್ ಫಿಕ್ಸಿಂಗ್ ಇರಲಿ, 2019ರಲ್ಲಿ ಬೆಂಗಳೂರಿನ ಸಿಸಿಬಿ ಪೊಲೀಸರು ಕೆಪಿಎಲ್ ಆಟಗಾರರನ್ನು ಬಂಧಿಸಿದ್ದಿರಲಿ, ಎಲ್ಲವೂ ಕ್ರಿಕೆಟ್ ಬೆಟ್ಟಿಂಗ್ ನಿಷಿದ್ಧವಾಗಿರುವ ನೆಲದಲ್ಲಿ ಬೆಳೆದ ಬೆಳೆ. ನಿಷೇಧದಿಂದ ಆಟ ಶುದ್ಧವಾಗಿ ಉಳಿಯುತ್ತದೆ ಎನ್ನುವವರು ಈ ನಾಡಿನ ಅನುಭವಕ್ಕೆ ಮೊದಲು ಉತ್ತರ ಹೇಳಬೇಕಾಗುತ್ತದೆ. ಬೆಟ್ಟಿಂಗ್‌ಗೆ ಕಾನೂನಿನ ಚೌಕಟ್ಟು ಕೊಡಿ ಎಂದು 2016ರಲ್ಲಿ ಲೋಧಾ ಸಮಿತಿ ಹೇಳಿದ್ದಕ್ಕೂ ಇದೇ ಅನುಭವ ಹಿನ್ನೆಲೆಯಾಗಿತ್ತು.

ಇಲ್ಲೊಂದು ಆಕ್ಷೇಪಕ್ಕೆ ತೂಕವಿದೆ. ಫಿಕ್ಸಿಂಗ್ ಮಾತು ಬಿಡಿ, 22 ವರ್ಷದ ಹುಡುಗನ ಕೈಗೆ ಕೋಟಿಗಟ್ಟಲೆ ಹಣ ಕೊಟ್ಟು, ಬೆಳಗಿನ ಜಾವ ಮೂರಕ್ಕೂ ಬಾಗಿಲು ತೆರೆದಿರುವ ಕ್ಯಾಸಿನೊಗಳ ನಡುವೆ ಮನೆ ಮಾಡಿಕೊಟ್ಟರೆ ಅವನು ಸಾಲಕ್ಕೆ ಬೀಳನೆ, ಸಾಲ ಕೊಟ್ಟವನ ಮಾತು ಕೇಳನೆ? ಕೇಳಬಹುದು. ಧರ್ಮರಾಯನಂಥವನೇ ಪಗಡೆಯ ಹಾಸಿನಿಂದ ಏಳಲಾರದೆ ಹೋದ ಕಥೆಯನ್ನು ಹರಿಕಥೆಗಳಲ್ಲಿ ಕೇಳಿ ಬೆಳೆದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಆದರೆ ಈ ಆಕ್ಷೇಪ ನಿಜವಾಗಿಯೂ ಊರಿನ ಮೇಲಿನದಲ್ಲ, ಹಣ ಮತ್ತು ಬಿಡುವು ಎರಡೂ ಹೆಚ್ಚಾಗಿರುವ ಹುಡುಗನ ಮೇಲಿನದು. ಲಾಸ್ ವೇಗಸ್‌ನಲ್ಲಿ ತಂಡ ಇಲ್ಲದ ದಶಕಗಳಲ್ಲೂ ಎಲ್ಲ ಲೀಗ್‌ಗಳ ಆಟಗಾರರು ರಜೆ ಸಿಕ್ಕೊಡನೆ ವಿಮಾನ ಹತ್ತಿ ಹೋಗುತ್ತಿದ್ದದ್ದು ಅದೇ ಊರಿಗೆ. ಅಲ್ಲಿ ಅಪಾಯವಿದ್ದರೆ ಅದು ಆಗಲೂ ಇತ್ತು.

ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ನೋಡಿದವರು ಹೆಂಡವೆನ್ನುತ್ತಾರೆ ಎಂಬ ಗಾದೆ ನಮ್ಮಲ್ಲಿದೆ. ಲೀಗ್‌ಗಳ ನಡವಳಿಕೆಗೆ ಇದಕ್ಕಿಂತ ಒಪ್ಪುವ ಮಾತಿಲ್ಲ. 2003ರಲ್ಲಿ ಲಾಸ್ ವೇಗಸ್ ಪ್ರವಾಸೋದ್ಯಮ ಪ್ರಾಧಿಕಾರದ ಜಾಹೀರಾತನ್ನು ತನ್ನ ಫೈನಲ್ ಪಂದ್ಯವಾದ ಸೂಪರ್ ಬೌಲ್ ಪ್ರಸಾರದ ಹತ್ತಿರಕ್ಕೂ ಎನ್‌ಎಫ್‌ಎಲ್ ಬಿಟ್ಟುಕೊಳ್ಳಲಿಲ್ಲ. 2007ರಲ್ಲಿ ಎನ್‌ಬಿಎ ತನ್ನ ಆಲ್ ಸ್ಟಾರ್ ಪಂದ್ಯವನ್ನು ಅಲ್ಲಿ ಆಡಿಸಿತಾದರೂ ಆ ಪಂದ್ಯದ ಮೇಲೆ ಊರಿನ ಯಾವ ಕೌಂಟರೂ ಬೆಟ್ ತೆಗೆದುಕೊಳ್ಳಕೂಡದು ಎಂದು ಒಪ್ಪಿಸಿಕೊಂಡೇ ಬಂತು. 2015ರಲ್ಲಿ ಕ್ವಾರ್ಟರ್‌ಬ್ಯಾಕ್ ಟೋನಿ ರೋಮೊ ಮುಂದಾಳತ್ವದ ಫ್ಯಾಂಟಸಿ ಫುಟ್‌ಬಾಲ್ ಮೇಳ ರದ್ದಾಯಿತು. ಮೇಳದ ಜಾಗ ಕ್ಯಾಸಿನೊ ಒಡೆತನದ ಕಂಪನಿಗೆ ಸೇರಿತ್ತು ಎಂಬುದೇ ಕಾರಣ. ಹೀಗೆ ಮಡಿ ಕಾಯುತ್ತಿದ್ದ ಲೀಗ್‌ಗಳು ಅದೇ ಹೊತ್ತಿನಲ್ಲಿ ಯಾವ ಆಟಗಾರನ ಮೊಣಕಾಲು ನೋಯುತ್ತಿದೆ, ಯಾರು ಭಾನುವಾರ ಆಡುವುದು ಅನುಮಾನ ಎಂಬ ಗಾಯಾಳುಗಳ ಪಟ್ಟಿಯನ್ನು ವಾರವಾರವೂ ಪ್ರಕಟಿಸುತ್ತಿದ್ದವು. ಆ ಪಟ್ಟಿಯನ್ನು ಅತ್ಯಂತ ಶ್ರದ್ಧೆಯಿಂದ ಓದುತ್ತಿದ್ದವರು ವೈದ್ಯರಂತೂ ಅಲ್ಲ.

ಜೂಜು ಮುಂದಿನ ಪರದೆ. ಅದನ್ನು ಸರಿಸಿದರೆ ಹಿಂದೆ ಕಾಣುವ ಅಡ್ಡಿಗಳು ತೀರಾ ಸಾದಾ, ಲೆಕ್ಕದ ಪುಸ್ತಕದವು. ಮೊದಲನೆಯದು ಊರಿನ ಗಾತ್ರ. ಲಾಸ್ ವೇಗಸ್ ಇರುವ ಕ್ಲಾರ್ಕ್ ಕೌಂಟಿಯಲ್ಲಿ 1970ರಲ್ಲಿ ಇದ್ದವರು ಮೂರು ಲಕ್ಷಕ್ಕಿಂತ ಕಡಿಮೆ. 1990ರಲ್ಲಿ ಏಳೂವರೆ ಲಕ್ಷದ ಆಸುಪಾಸು. 2020ರ ಜನಗಣತಿಗೆ ಅದು 22 ಲಕ್ಷ ದಾಟಿತು. ಅಷ್ಟಾದರೂ ಟಿವಿ ಮಾರುಕಟ್ಟೆಯಾಗಿ ದೇಶದಲ್ಲಿ ಅದರ ಸ್ಥಾನ ನಲವತ್ತರ ಸುಮಾರಿನಲ್ಲಿದೆ. ಬೇಸ್‌ಬಾಲ್, ಬ್ಯಾಸ್ಕೆಟ್‌ಬಾಲ್ ತಂಡಗಳಿಗೆ ಸ್ಥಳೀಯ ಪ್ರಸಾರದ ಹಣವೇ ಜೀವಾಳವಾಗಿದ್ದ ಕಾಲದಲ್ಲಿ ಇದು ಸಣ್ಣ ಕೊರತೆಯಲ್ಲ. ಮಾಂಟ್ರಿಯಲ್‌ನ ಎಕ್ಸ್‌ಪೋಸ್ ಬೇಸ್‌ಬಾಲ್ ತಂಡಕ್ಕೆ ಹೊಸ ಮನೆ ಹುಡುಕುವಾಗ ಲಾಸ್ ವೇಗಸ್ ಹೆಸರೂ ಓಡಾಡಿತ್ತು. ಮಾಫಿಯಾ ಆರೋಪಿಗಳ ವಕೀಲರಾಗಿ ಹೆಸರು ಮಾಡಿ ಮೇಯರ್ ಆದ ಆಸ್ಕರ್ ಗುಡ್‌ಮನ್ ತಂಡ ತರಲು ಮಾಡದ ಕಸರತ್ತಿಲ್ಲ. ಕೊನೆಗೆ 2005ರಲ್ಲಿ ತಂಡ ಹೋದದ್ದು ವಾಷಿಂಗ್ಟನ್‌ಗೆ. ಅಲ್ಲಿ ಜನರಿದ್ದರು, ಕಂಪನಿಗಳಿದ್ದವು, ಲಾಬಿಗಾರರಿದ್ದರು, ವರ್ಷಕ್ಕೆ ಲಕ್ಷಗಟ್ಟಲೆ ಡಾಲರ್ ತೆತ್ತು ಐಷಾರಾಮಿ ಬಾಕ್ಸ್ ಹಿಡಿಯುವವರಿದ್ದರು.

ಎರಡನೆಯ ಅಡ್ಡಿ ಊರಿನ ದಿನಚರಿ. ಆಟ ನಡೆಯುವುದು ಸಂಜೆ ಮತ್ತು ವಾರಾಂತ್ಯ, ಅಂದರೆ ಉಳಿದ ಊರುಗಳ ಜನ ಬಿಡುವಾಗುವ ಹೊತ್ತಿನಲ್ಲಿ. ಲಾಸ್ ವೇಗಸ್‌ನ ಜನ ಕೆಲಸಕ್ಕೆ ಹೊರಡುವುದು ಸರಿಯಾಗಿ ಆ ಹೊತ್ತಿಗೇ. ಇಸ್ಪೀಟೆಲೆ ಹಂಚುವವರು, ಅಡುಗೆಯವರು, ಕೋಣೆ ಸ್ವಚ್ಛ ಮಾಡುವವರು, ಕಾರು ನಿಲ್ಲಿಸುವವರು, ವೇದಿಕೆಯ ದೀಪ ಹೊಂದಿಸುವವರು, ಎಲ್ಲರೂ ಪಾಳಿಯಲ್ಲಿ ದುಡಿಯುವವರು. ಶನಿವಾರ ರಾತ್ರಿಯೇ ಅವರಿಗೆ ಸಂಪಾದನೆಯ ಹೊತ್ತು. ಮೂರನೆಯದಾಗಿ, ಅವರಲ್ಲಿ ಬಹುಪಾಲು ಬೇರೆಡೆಯಿಂದ ಬಂದು ನೆಲೆಸಿದವರು. ಶಿಕಾಗೊದಿಂದ ಬಂದವನು ಶಿಕಾಗೊ ತಂಡವನ್ನು, ಕ್ಯಾಲಿಫೋರ್ನಿಯಾದವಳು ಅಲ್ಲಿನ ತಂಡವನ್ನು ಎದೆಯಲ್ಲಿಟ್ಟುಕೊಂಡೇ ಬಂದಿರುತ್ತಾರೆ. ಅಭಿಮಾನವನ್ನು ಮನೆಸಾಮಾನಿನ ಜತೆ ಬಿಟ್ಟುಬರಲಾಗದು. ಬೆಂಗಳೂರಿನಲ್ಲಿ ಮೂವತ್ತು ವರ್ಷ ಬಾಳಿದರೂ ಚೆನ್ನೈ ತಂಡದ ಹಳದಿ ಅಂಗಿ ಹಾಕಿಕೊಂಡೇ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಹೋಗುವವರನ್ನು ಕಂಡ ನಮಗೆ ಈ ಕಷ್ಟ ಸುಲಭವಾಗಿ ಅರ್ಥವಾದೀತು.

ನಾಲ್ಕನೆಯ ಅಡ್ಡಿಯ ಬಗ್ಗೆ ಹೊರಗಿನವರು ಮಾತಾಡುವುದೇ ಕಡಿಮೆ: ಸ್ವತಃ ಕ್ಯಾಸಿನೊಗಳಿಗೇ ತಂಡ ಬೇಕಿರಲಿಲ್ಲ. ಒಳಬಂದ ಗಿರಾಕಿಗೆ ಹೊತ್ತು ಹೋದದ್ದು ತಿಳಿಯಬಾರದೆಂದು ಗಡಿಯಾರವನ್ನೂ ಕಿಟಕಿಯನ್ನೂ ದೂರವಿಟ್ಟ ವ್ಯವಹಾರ ಅದು. ಆ ಗಿರಾಕಿ ಮೂರು ತಾಸು ಮೇಜು ಬಿಟ್ಟು ಬೇರೆ ಕಡೆ ಕೂತು ಚೆಂಡಾಟ ನೋಡಿದರೆ ಲಾಭ ಯಾರಿಗೆ? ಈ ಲೆಕ್ಕ ತಲೆಕೆಳಗಾದದ್ದು ಕಳೆದ ಶತಮಾನದ ಕೊನೆಯಲ್ಲಿ. ಬೇರೆ ರಾಜ್ಯಗಳಲ್ಲೂ ಕ್ಯಾಸಿನೊಗಳು ಎದ್ದವು. ಬರೀ ಜೂಜಿಗಾಗಿ ಮರುಭೂಮಿಗೆ ಬರುವ ಅಗತ್ಯ ಕರಗಿತು. ಸ್ಟ್ರಿಪ್ ಎಂದು ಕರೆಯುವ ಮುಖ್ಯ ರಸ್ತೆಯ ಹೋಟೆಲುಗಳು ಜೂಜಿನ ಮೇಜಿಗಿಂತ ಕೋಣೆ, ಊಟ, ಕುಡಿತ, ಪ್ರದರ್ಶನಗಳಿಂದಲೇ ಹೆಚ್ಚು ಗಳಿಸತೊಡಗಿದವು. ಆಗ ಅವಕ್ಕೆ ಬೇಕಾದದ್ದು ಜನ ವಿಮಾನ ಹತ್ತಿ ಬರಲು ಒಂದು ನೆಪ. ತಂಡ ಪ್ರತಿಸ್ಪರ್ಧಿಯಾಗಿದ್ದದ್ದು ಹೋಗಿ ನೆಪವಾಯಿತು. ಲಾಸ್ ವೇಗಸ್‌ಗೆ ತಂಡಗಳು ಬಂದ ಕಥೆಯಲ್ಲಿ ನಿಜವಾದ ತಿರುವು ಇದು. ನೀತಿಯಲ್ಲಾದ ಯಾವ ಬದಲಾವಣೆಯೂ ಇದರಷ್ಟು ಕೆಲಸ ಮಾಡಲಿಲ್ಲ.

ಇದಕ್ಕೆ ದಿನಾಂಕಗಳೇ ಸಾಕ್ಷಿ. ನೆವಾಡಾದಂಥ ಕೆಲವೇ ರಾಜ್ಯಗಳನ್ನು ಬಿಟ್ಟು ಉಳಿದೆಡೆ ಕ್ರೀಡಾ ಬೆಟ್ಟಿಂಗ್‌ಗೆ ಅನುಮತಿ ಕೊಡದಂತೆ 1992ರಲ್ಲಿ ಒಂದು ಕೇಂದ್ರ ಕಾಯ್ದೆ ಬಂದಿತ್ತು. ಅದರ ಮುಂದಾಳು ಸೆನೆಟರ್ ಬಿಲ್ ಬ್ರಾಡ್ಲಿ ಸ್ವತಃ ಹಳೆಯ ಎನ್‌ಬಿಎ ಆಟಗಾರ. ಆ ಕಾಯ್ದೆಯನ್ನು ಸುಪ್ರೀಂ ಕೋರ್ಟ್ ಅಸಿಂಧುಗೊಳಿಸಿದ್ದು 2018ರ ಮೇ 14ರಂದು. ಬೆಟ್ಟಿಂಗ್ ಎಲ್ಲೆಡೆ ಹರಡಿದ ಮೇಲೆ ಲಾಸ್ ವೇಗಸ್ ಮೇಲಿನ ಭಯ ತಾನಾಗಿ ಇಳಿಯಿತು ಎಂದು ಈಗ ಹಲವರು ವಿವರಿಸುತ್ತಾರೆ. ಚೆಂದದ ವಿವರಣೆ, ಆದರೆ ಕಾಲಕ್ಕೆ ಹೊಂದುವುದಿಲ್ಲ. ಐಸ್ ಹಾಕಿಯ ಎನ್‌ಎಚ್‌ಎಲ್ ಲಾಸ್ ವೇಗಸ್‌ಗೆ ತಂಡ ಮಂಜೂರು ಮಾಡಿದ್ದು 2016ರ ಜೂನ್‌ನಲ್ಲಿ. ಎನ್‌ಎಫ್‌ಎಲ್ ಮಾಲೀಕರು ಓಕ್ಲೆಂಡ್‌ನ ರೈಡರ್ಸ್ ತಂಡ ಅಲ್ಲಿಗೆ ಹೋಗಲು 31–1 ಮತಗಳಿಂದ ಒಪ್ಪಿದ್ದು 2017ರ ಮಾರ್ಚ್ 27ರಂದು, ತೀರ್ಪಿಗೆ ಸುಮಾರು ಹದಿನಾಲ್ಕು ತಿಂಗಳು ಮೊದಲು. ಟೋನಿ ರೋಮೊ ಮೇಳವನ್ನು ಕ್ಯಾಸಿನೊ ನೆರಳು ಬಿದ್ದಿದೆಯೆಂದು ತಡೆದು ಆಗಿನ್ನೂ ಎರಡು ವರ್ಷ ತುಂಬಿರಲಿಲ್ಲ. ಆ ಎರಡು ವರ್ಷಗಳಲ್ಲಿ ಜೂಜು ಬದಲಾಗಲಿಲ್ಲ, ಕಾನೂನು ಬದಲಾಗಲಿಲ್ಲ. 2016ರ ಅಕ್ಟೋಬರ್‌ನಲ್ಲಿ ನೆವಾಡಾ ಶಾಸನಸಭೆ ವಿಶೇಷ ಅಧಿವೇಶನ ನಡೆಸಿ ಕ್ರೀಡಾಂಗಣಕ್ಕೆ 75 ಕೋಟಿ ಡಾಲರ್ ಸಾರ್ವಜನಿಕ ಹಣ ಮಂಜೂರು ಮಾಡಿತ್ತು, ಅಷ್ಟೇ. 65 ಕೋಟಿ ಹಾಕುವೆನೆಂದಿದ್ದ ಕ್ಯಾಸಿನೊ ಕುಬೇರ ಶೆಲ್ಡನ್ ಅಡೆಲ್ಸನ್ ಮುಂದಿನ ಜನವರಿಯಲ್ಲಿ ಹಿಂದೆ ಸರಿದರು; ಅವರ ಬದಲಿಗೆ ಬ್ಯಾಂಕ್ ಆಫ್ ಅಮೆರಿಕ ಸಾಲ ಕೊಡಲು ಮುಂದೆ ಬಂತು. ಕ್ಯಾಸಿನೊ ಮಾಲೀಕ ಹೊರಹೋಗಿ ಬ್ಯಾಂಕು ಒಳಬಂದದ್ದು ಲೀಗ್‌ನ ಮಡಿಗೂ ಅನುಕೂಲವೇ ಆಯಿತು.

ಹಾಗೆಂದು ತಂಡ ತರುವುದು ಬರೀ ಹಣದ ಆಟ ಎಂದುಬಿಟ್ಟರೆ ಐಸ್ ಹಾಕಿ ತಂಡದ ಕಥೆ ಅರ್ಥವಾಗುವುದಿಲ್ಲ. ಹೊಸ ತಂಡಕ್ಕೆ 50 ಕೋಟಿ ಡಾಲರ್ ಶುಲ್ಕ ತೆತ್ತ ಬಿಲ್ ಫೋಲಿ, ಲೀಗ್ ಒಪ್ಪುವ ಮೊದಲೇ 2015ರಲ್ಲಿ ಸೀಸನ್ ಟಿಕೆಟ್‌ಗೆ ಮುಂಗಡ ಸಂಗ್ರಹಿಸಲು ಹೊರಟರು. ಹೋಟೆಲುಗಳಿಗೆ ಸಗಟು ಮಾರದೆ ಊರಿನವರ ಮನೆಬಾಗಿಲಿಗೆ ಹೋಗಿ ಹತ್ತು ಸಾವಿರಕ್ಕೂ ಹೆಚ್ಚು ಮುಂಗಡ ಕೂಡಿಹಾಕಿದರು. ತಂಡ ಆಡುವ ಟಿ–ಮೊಬೈಲ್ ಅರೀನಾ ಕಟ್ಟಲು ಬಳಸಿದ್ದು ಖಾಸಗಿ ಹಣ. 2017ರ ಅಕ್ಟೋಬರ್ 1ರ ರಾತ್ರಿ ಸಂಗೀತ ಮೇಳದ ಮೇಲೆ ನಡೆದ ಗುಂಡಿನ ದಾಳಿ ಊರನ್ನು ನಡುಗಿಸಿತು. ಒಂಬತ್ತು ದಿನಗಳ ನಂತರ ಗೋಲ್ಡನ್ ನೈಟ್ಸ್ ಎಂಬ ಹೆಸರಿನ ಈ ತಂಡದ ಮೊದಲ ತವರು ಪಂದ್ಯ. ಆ ರಾತ್ರಿ ಐಸ್ ಅಂಕಣದ ಸುತ್ತ ಹಲಗೆಗಳ ಮೇಲೆ ಜಾಹೀರಾತು ಇರಲಿಲ್ಲ. ಪೊಲೀಸರು, ದಾದಿಯರು, ಅಗ್ನಿಶಾಮಕ ಸಿಬ್ಬಂದಿ ಆಟಗಾರರ ಜತೆ ನಡೆದು ಬಂದರು. ಸಣ್ಣ ಲೀಗ್‌ನ ದಿನಗಳಿಂದಲೇ ಅಲ್ಲಿ ಮನೆ ಮಾಡಿಕೊಂಡಿದ್ದ ಡೆರಿಕ್ ಎಂಗೆಲ್ಯಾಂಡ್ ಊರಿನ ಪರವಾಗಿ ಮಾತಾಡಿದರು. ತಂಡ ಮೊದಲ ವರ್ಷವೇ ಸ್ಟ್ಯಾನ್ಲಿ ಕಪ್ ಫೈನಲ್ ತಲುಪಿತು, 2023ರಲ್ಲಿ ಕಪ್ ಗೆದ್ದಿತು. ಮರುಭೂಮಿಯಲ್ಲಿ ಹುಟ್ಟಿ ಹಿಮ ಕಾಣದವರ ಮಕ್ಕಳು ಐಸ್ ಹಾಕಿ ಕೋಲು ಹಿಡಿದರು. ಇದು ಅದೃಷ್ಟ ಎನ್ನುವವರಿದ್ದಾರೆ. ಗೆದ್ದ ತಂಡಕ್ಕೆ ಎಲ್ಲ ಊರಲ್ಲೂ ಜನ ಸೇರುತ್ತಾರೆ ಎಂಬುದು ಅವರ ವಾದ. ಅರ್ಧ ಸರಿ. ಉಳಿದರ್ಧ ಏನೆಂದರೆ, ಈ ತಂಡ ಬೇರೆಲ್ಲೋ ಇದ್ದದ್ದನ್ನು ಕಿತ್ತು ತಂದದ್ದಲ್ಲ. ಬಿಟ್ಟುಬಂದ ಊರೂ ಇಲ್ಲ, ಹಳೆಯ ಅಭಿಮಾನಿಯೂ ಇಲ್ಲ. ಇಲ್ಲಿಯೇ ಹುಟ್ಟಿದ ಕೂಸು.

ರೈಡರ್ಸ್ ಬಂದ ದಾರಿ ತದ್ವಿರುದ್ಧ, ಅದರ ಫಲವೂ ಹಾಗೆಯೇ. 65,000 ಆಸನದ ಅಲೀಜಿಯಂಟ್ ಕ್ರೀಡಾಂಗಣದಲ್ಲಿ ಹಲವು ಭಾನುವಾರ ಎದುರಾಳಿ ತಂಡದ ಬಣ್ಣವೇ ಎದ್ದು ಕಾಣುತ್ತದೆ, ಅವರ ಕೂಗೇ ಜೋರಾಗಿ ಕೇಳುತ್ತದೆ. ಇದನ್ನು ಆತಿಥೇಯ ತಂಡಕ್ಕಾದ ಅವಮಾನವೆಂದು ಪತ್ರಿಕೆಗಳು ಬರೆಯುತ್ತವೆ. ನನಗೆ ಕಾಣುವಂತೆ ಇದು ಆಕಸ್ಮಿಕವಲ್ಲ, ಯೋಜನೆಯೇ. 75 ಕೋಟಿಯನ್ನು ಸಮರ್ಥಿಸಿಕೊಂಡದ್ದೇ ಹೊರಊರಿನ ಅಭಿಮಾನಿ ಪಂದ್ಯದ ನೆಪದಲ್ಲಿ ಬಂದು ಕೋಣೆ ಹಿಡಿದು ಹಣ ಚೆಲ್ಲುತ್ತಾನೆ ಎಂಬ ಲೆಕ್ಕದಿಂದ. ಅವನು ಬಂದ, ಕೋಣೆಯನ್ನೂ ಹಿಡಿದ, ಆಸನವನ್ನೂ ಹಿಡಿದ. ಊರಿಗೊಂದು ತಂಡ ಬೇಕು ಎಂಬ ಆಸೆಗೂ ಊರಿಗೆ ಪ್ರವಾಸಿ ಬೇಕು ಎಂಬ ಲೆಕ್ಕಕ್ಕೂ ನಡುವೆ ಇರುವ ಜಗಳ ಇದು, ಲಾಸ್ ವೇಗಸ್‌ನ ನಿಜವಾದ ಸವಾಲು. ಅಂದಹಾಗೆ ಈ ಕ್ರೀಡಾಂಗಣ ಇರುವುದು ಲಾಸ್ ವೇಗಸ್ ನಗರಸಭೆಯ ಗಡಿಯೊಳಗೂ ಅಲ್ಲ, ಪ್ಯಾರಡೈಸ್ ಎಂಬ ಹೆಸರಿನ ಪಕ್ಕದ ಕೌಂಟಿ ಪ್ರದೇಶದಲ್ಲಿ. ಹೆಸರು ಒಬ್ಬರದು, ನೆಲ ಇನ್ನೊಬ್ಬರದು.

ಕ್ರೀಡಾಂಗಣದ ಪರ ವಹಿಸುವವರು ಇಲ್ಲೊಂದು ಗಟ್ಟಿ ವಾದ ಮುಂದಿಡುತ್ತಾರೆ: ಆ 75 ಕೋಟಿ ಊರಿನವರ ಜೇಬಿನದಲ್ಲ, ಹೋಟೆಲ್ ಕೋಣೆಗಳ ಮೇಲೆ ಹಾಕಿದ ಶೇಕಡಾ 0.88ರಷ್ಟು ಪುಟ್ಟ ತೆರಿಗೆಯಿಂದ ಬರುವಂಥದ್ದು, ಅದನ್ನು ತೆರುವವರು ಪ್ರವಾಸಿಗಳು. ಸಾರ್ವಜನಿಕ ಹಣದಲ್ಲಿ ಕಟ್ಟಿದ ಕ್ರೀಡಾಂಗಣ ಹಾಕಿದ ಹಣವನ್ನು ಊರಿಗೆ ಮರಳಿಸುವುದು ಅಪರೂಪ ಎಂದು ಅರ್ಥಶಾಸ್ತ್ರಜ್ಞರು ದಶಕಗಳಿಂದ ಹೇಳುತ್ತ ಬಂದಿದ್ದಾರೆ. ಊರಿನವನು ಸಿನಿಮಾಕ್ಕೋ ಹೋಟೆಲಿಗೋ ಕೊಡುವ ಹಣವನ್ನೇ ಕ್ರೀಡಾಂಗಣಕ್ಕೆ ಕೊಡುತ್ತಾನೆ, ಅಷ್ಟೇ. ಪ್ರೇಕ್ಷಕರು ಹೊರಗಿನಿಂದ ಬರುವ ಲಾಸ್ ವೇಗಸ್‌ಗೆ ಈ ಟೀಕೆ ಅಷ್ಟಾಗಿ ತಟ್ಟುವುದಿಲ್ಲ ಎಂಬುದನ್ನು ಒಪ್ಪಲೇಬೇಕು. ಆದರೂ ಎರಡು ಮಾತು ಉಳಿಯುತ್ತವೆ. ವರ್ಷಕ್ಕೆ ನಾಲ್ಕು ಕೋಟಿಯಷ್ಟು ಜನ ಹೇಗೂ ಬರುವ ಊರಿಗೆ ಪಂದ್ಯಕ್ಕಾಗಿಯೇ ಬಂದವನು ಯಾರು, ಬಂದಿದ್ದೇನೆಂದು ಪಂದ್ಯಕ್ಕೆ ಹೋದವನು ಯಾರು ಎಂದು ಬೇರ್ಪಡಿಸುವುದು ಸುಲಭವಲ್ಲ. ಮತ್ತೆ, ಕೋಣೆ ತೆರಿಗೆ ಬತ್ತದ ಬಾವಿಯೇನೂ ಅಲ್ಲ. ನೆವಾಡಾದ ಶಾಲೆಗಳೂ ಅದರಿಂದಲೇ ನೀರು ಸೇದುತ್ತವೆ. 2020ರಲ್ಲಿ ಕೋವಿಡ್ ಬಂದು ಹೋಟೆಲುಗಳು ಬಾಗಿಲು ಹಾಕಿದಾಗ ಈ ತೆರಿಗೆ ಕುಸಿದು, ಕ್ರೀಡಾಂಗಣದ ಸಾಲದ ಕಂತು ಕಟ್ಟಲು ಮೀಸಲು ನಿಧಿಗೆ ಕೈಹಾಕಬೇಕಾಯಿತು. ಪ್ರವಾಸಿ ತೆರುತ್ತಾನೆ ನಿಜ, ಪ್ರವಾಸಿ ಇದ್ದಾಗ.

ಈ ಜಗಳದ ಅಂತಿಮ ಪರೀಕ್ಷೆ ಬೇಸ್‌ಬಾಲ್. ಫುಟ್‌ಬಾಲ್ ತಂಡಕ್ಕೆ ವರ್ಷಕ್ಕೆ ಎಂಟೋ ಒಂಬತ್ತೋ ತವರು ಪಂದ್ಯ, ಹೆಚ್ಚಿನವು ಭಾನುವಾರ. ಪ್ರವಾಸಿಯ ವಾರಾಂತ್ಯಕ್ಕೆ ಹೇಳಿಮಾಡಿಸಿದ ವೇಳಾಪಟ್ಟಿ. ಬೇಸ್‌ಬಾಲ್‌ನಲ್ಲಿ 81. 1996ರಲ್ಲಿ ಓಕ್ಲೆಂಡ್‌ನ ಕ್ರೀಡಾಂಗಣ ದುರಸ್ತಿಯಲ್ಲಿದ್ದಾಗ ಅಲ್ಲಿನ ಅಥ್ಲೆಟಿಕ್ಸ್ ತಂಡ ಲಾಸ್ ವೇಗಸ್‌ನ ಪುಟ್ಟ ಕ್ಯಾಶ್‌ಮನ್ ಫೀಲ್ಡ್‌ನಲ್ಲಿ ಆರು ಪಂದ್ಯ ಆಡಿ ಹೋಗಿತ್ತು. ಅದೇ ತಂಡ ಈಗ ಕಾಯಂ ಆಗಿ ಬರುತ್ತಿದೆ. 2023ರ ಜೂನ್‌ನಲ್ಲಿ ನೆವಾಡಾ 38 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ನೆರವಿಗೆ ಒಪ್ಪಿತು. ನವೆಂಬರ್‌ನಲ್ಲಿ ಮೂವತ್ತೂ ತಂಡಗಳ ಮಾಲೀಕರು ಸ್ಥಳಾಂತರಕ್ಕೆ ಕೈ ಎತ್ತಿದರು. 1957ರಿಂದ ಇದ್ದ ಟ್ರಾಪಿಕಾನಾ ಹೋಟೆಲನ್ನು 2024ರ ಅಕ್ಟೋಬರ್ 9ರಂದು ಸ್ಫೋಟಕ ಇಟ್ಟು ಉರುಳಿಸಿ, ಆ ಜಾಗದ ಒಂಬತ್ತು ಎಕರೆಯಲ್ಲಿ 33,000 ಜನ ಹಿಡಿಸುವ ಕ್ರೀಡಾಂಗಣಕ್ಕೆ 2025ರ ಜೂನ್‌ನಲ್ಲಿ ಗುದ್ದಲಿ ಪೂಜೆ ಮಾಡಿದರು. ಗುರಿ 2028. ಅಲ್ಲಿಯವರೆಗೆ ತಂಡ ವೆಸ್ಟ್ ಸ್ಯಾಕ್ರಮೆಂಟೊದ ಸಣ್ಣ ಲೀಗ್ ಮೈದಾನದಲ್ಲಿ, ಯಾವ ಊರಿನ ಹೆಸರನ್ನೂ ತನ್ನದೆಂದು ಹೇಳಿಕೊಳ್ಳದೆ ಆಡುತ್ತಿದೆ. ಶಾಲೆಗಳಿಗಿಲ್ಲದ ಹಣ ಕ್ರೀಡಾಂಗಣಕ್ಕೆ ಎಲ್ಲಿಂದ ಬಂತು ಎಂದು ಶಿಕ್ಷಕರ ಸಂಘ ಜನಮತಗಣನೆಗೆ ಅರ್ಜಿ ಹಾಕಿತ್ತು. ಅರ್ಜಿಯ ಒಕ್ಕಣೆ ಸರಿಯಿಲ್ಲವೆಂದು 2024ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಲೆಕ್ಕ ಹಾಕಿದರೆ ವರ್ಷಕ್ಕೆ 26 ಲಕ್ಷಕ್ಕೂ ಮಿಕ್ಕಿ ಆಸನ ತುಂಬಬೇಕು. ಮನೆಯಿಂದ ಹೊರಬಂದರೆ 40 ಡಿಗ್ರಿ ಸೆಲ್ಸಿಯಸ್ ದಾಟುವ ಜುಲೈನಲ್ಲಿ, ಸೋಮವಾರ ಮಂಗಳವಾರಗಳಂದು, ಹೆಚ್ಚೂಕಡಿಮೆ ಆರು ತಿಂಗಳು. ಚಾವಣಿ ಹಾಕಿ ಬಿಸಿಲನ್ನು ಹೊರಗಿಡಬಹುದು, ಮಂಗಳವಾರವನ್ನು ಹೊರಗಿಡಲಾಗದು.

ಹಾಗಾದರೆ ಜೂಜಿನ ಭಯ ಪೂರ್ತಿ ಸುಳ್ಳಾಗಿತ್ತೆ? ಇಲ್ಲ, ವಿಳಾಸ ತಪ್ಪಿತ್ತು. 2018ರ ತೀರ್ಪಿನ ನಂತರ ಮೂವತ್ತೈದಕ್ಕೂ ಹೆಚ್ಚು ರಾಜ್ಯಗಳು ಬೆಟ್ಟಿಂಗ್ ತೆರೆದಿಟ್ಟಿವೆ. ಒಂದು ಕಾಲಕ್ಕೆ ಜಾಹೀರಾತಿಗೂ ಹೆದರುತ್ತಿದ್ದ ಎನ್‌ಎಫ್‌ಎಲ್ 2021ರಲ್ಲಿ ಮೂರು ಬೆಟ್ಟಿಂಗ್ ಕಂಪನಿಗಳನ್ನು ಅಧಿಕೃತ ಪಾಲುದಾರರನ್ನಾಗಿ ಮಾಡಿಕೊಂಡಿತು. ಆಮೇಲಿನ ಹಗರಣಗಳನ್ನು ನೋಡಿ. 2022ರಲ್ಲಿ ಅಮಾನತಾದ ಕ್ಯಾಲ್ವಿನ್ ರಿಡ್ಲಿ ತಂಡದಿಂದ ದೂರವಿದ್ದಾಗ ಬೆಟ್ ಕಟ್ಟಿದ್ದು ಫೋನಿನಲ್ಲಿ. 2024ರಲ್ಲಿ ಆಜೀವ ನಿಷೇಧಕ್ಕೊಳಗಾದ ಜಾಂಟೆ ಪೋರ್ಟರ್ ಟೊರಾಂಟೊ ತಂಡದವರು; ಅದೇ ವರ್ಷ ಬೇಸ್‌ಬಾಲ್ ಹೊರಗಟ್ಟಿದ ಟುಕುಪಿಟಾ ಮಾರ್ಕಾನೊ ಬೆಟ್ ಕಟ್ಟಿದ್ದು ಪಿಟ್ಸ್‌ಬರ್ಗ್ ತಂಡದಲ್ಲಿದ್ದಾಗ. 2025ರ ನವೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್‌ನ ಇಬ್ಬರು ಪಿಚರುಗಳ ಮೇಲೆ, ಬೇಕೆಂದೇ ಒಂದೊಂದು ಎಸೆತವನ್ನು ಹೇಳಿದಂತೆ ಎಸೆದರೆಂಬ ಆರೋಪಪಟ್ಟಿ ಬಂತು. ಆರೋಪವನ್ನು ಇಬ್ಬರೂ ನಿರಾಕರಿಸಿದ್ದಾರೆ. ಇಡೀ ಪಂದ್ಯ ಸೋಲಿಸಲು ಎಂಟು ಜನ ಬೇಕಿದ್ದ ಕಾಲ ಹೋಗಿ ಒಂದು ಎಸೆತಕ್ಕೆ ಒಬ್ಬನೇ ಸಾಕಾಗುವ ಕಾಲ ಬಂದಿದೆ. ಇವರಾರೂ ಲಾಸ್ ವೇಗಸ್ ತಂಡದವರಲ್ಲ. ವಿಚಿತ್ರವೆಂದರೆ ನ್ಯೂಜೆರ್ಸಿಯವನು ಹಾಸಿಗೆಯಲ್ಲಿ ಮಲಗಿಕೊಂಡೇ ಬೆಟ್ಟಿಂಗ್ ಆ್ಯಪ್‌ನಲ್ಲಿ ಖಾತೆ ತೆರೆಯಬಹುದು; ನೆವಾಡಾದಲ್ಲಿ ಖಾತೆ ಬೇಕಾದರೆ ಕ್ಯಾಸಿನೊ ಕೌಂಟರಿಗೆ ಖುದ್ದಾಗಿ ಹೋಗಿ ಗುರುತಿನ ಚೀಟಿ ತೋರಿಸಬೇಕು. ಫೋನಿಗೆ ಬಂದ ಜೂಜನ್ನು ಕಟ್ಟಿಹಾಕುವ ಕಷ್ಟ ನಮಗೂ ಹೊಸದಲ್ಲ: ಕರ್ನಾಟಕ 2021ರಲ್ಲಿ ಕಾನೂನು ತಂದು 2022ರಲ್ಲಿ ಹೈಕೋರ್ಟಿನಲ್ಲಿ ಸೋತಿತು; 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನೇ ನಿಷೇಧಿಸಿದಾಗ ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲಿದ್ದ ಹೆಸರೇ ಅಳಿಸಿಹೋಯಿತು.

ಎನ್‌ಬಿಎ ವಿಸ್ತರಣೆಯ ಮಾತೆತ್ತಿದಾಗಲೆಲ್ಲ ಸಿಯಾಟಲ್ ಜತೆಗೆ ಲಾಸ್ ವೇಗಸ್ ಹೆಸರು ಕೇಳಿಬರುತ್ತದೆ, ಜೂಜಿನ ಭಯವನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಕೇಳಬೇಕಾದ ಪ್ರಶ್ನೆಗಳು ಈಗ ಬೇರೆ. 22 ಲಕ್ಷ ಜನರ ಊರು ಎಷ್ಟು ತಂಡಗಳ ಟಿಕೆಟ್ ಕೊಂಡೀತು? ಸೀಸನ್ ಟಿಕೆಟ್‌ಗಳಲ್ಲಿ ಎಷ್ಟು ಪಾಲು ಊರಿನವರಿಗೆ ಮೀಸಲು, ಎಷ್ಟು ಹೋಟೆಲುಗಳ ಪ್ಯಾಕೇಜಿಗೆ? ಟ್ರಾಪಿಕಾನಾ ಇದ್ದ ಮೂಲೆಯಲ್ಲಿ ಕ್ರೀಡಾಂಗಣ ಏಳುತ್ತಿದೆ. ರಸ್ತೆ ದಾಟಿದರೆ ಸಾವಿರಾರು ಕೋಣೆಗಳ ಹೋಟೆಲುಗಳು. 2028ರ ಮೇ ತಿಂಗಳ ಒಂದು ಮಂಗಳವಾರ ಸಂಜೆ ಏಳಕ್ಕೆ ಮೊದಲ ಎಸೆತ ಬೀಳುವಾಗ ಆ ಹೋಟೆಲುಗಳಲ್ಲಿ ಎಲೆ ಹಂಚುವವಳ ಪಾಳಿ ಶುರುವಾಗಿ ಒಂದು ತಾಸಾಗಿರುತ್ತದೆ.